ಸಾಕುನಾಯಿ ಪ್ರಶ್ನೋತ್ತರ: ದೂರದ ದಾರಿ, ಹೊರಗಿನ ರಾತ್ರಿ

ಬೇಸಿಗೆ ರಜೆ ಹತ್ತಿರವಾಗಿದೆ. ನಾಯಿಯನ್ನು ಕಾರಿನಲ್ಲಿ ದೂರ ಕರೆದೊಯ್ಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಏಪ್ರಿಲ್ ಕೊನೆಯಲ್ಲಿ ಕಾರಿನಲ್ಲಿ ಉಡುಪಿಗೆ ಹೋಗುವವರಿದ್ದೇವೆ. ಜೊತೆಗೆ ಎರಡು ವರ್ಷದ ಲ್ಯಾಬ್ರಡಾರ್, 28 ಕೆ.ಜಿ. ತೂಕ. ಇಷ್ಟು ದೂರ ಇದೇ ಮೊದಲು. ಎಷ್ಟು ಹೊತ್ತಿಗೆ ಹೊರಡಬೇಕು? ಊಟ, ನೀರು ಹೇಗೆ? ಕಾರಿನಲ್ಲಿ ಎಲ್ಲಿ ಕೂರಿಸಬೇಕು?
— ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಶಿರಾಡಿ ಘಾಟಿಯ ಮೇಲೆ ಹೋದರೆ ಸುಮಾರು 400 ಕಿ.ಮೀ. ನಾಯಿ ಇದ್ದಾಗ ನಿಲ್ಲಿಸುವ ಹೊತ್ತೂ ಸೇರಿ ಒಂಬತ್ತು ಗಂಟೆಗೆ ಕಡಿಮೆ ಲೆಕ್ಕ ಹಾಕಬೇಡಿ. ಬೆಳಗಿನ ನಾಲ್ಕೂವರೆಗೆ ಮನೆ ಬಿಟ್ಟರೆ ಒಂಬತ್ತರ ಸುಮಾರಿಗೆ ಸಕಲೇಶಪುರ ದಾಟಿ, ಬಿಸಿಲು ಏರುವ ಮೊದಲೇ ಘಾಟಿ ಇಳಿದಿರುತ್ತೀರಿ. ತಡವಾಗಿ ಹೊರಟವರಿಗೆ ನಿಜವಾದ ಕಷ್ಟ ಘಾಟಿಯ ಕೆಳಗೆ ಶುರುವಾಗುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ನಾಲಿಗೆ ಮತ್ತು ಗಂಟಲಿನ ತೇವ ಆರಿಸಿಕೊಂಡೇ ಅದು ಮೈ ತಂಪು ಮಾಡಿಕೊಳ್ಳಬೇಕು. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಆ ತೇವ ಬೇಗ ಆರುವುದಿಲ್ಲ. ಆದ್ದರಿಂದ ಹಾಸನದಲ್ಲಿ ಆರಾಮವಾಗಿದ್ದ ನಾಯಿ ಅಷ್ಟೇ ಬಿಸಿಲಿಗೆ ಉಪ್ಪಿನಂಗಡಿಯಲ್ಲಿ ಸುಸ್ತಾಗಬಹುದು. ಒಂದು ರಾತ್ರಿ ಹೆಚ್ಚಿಗೆ ಸಿಗುವುದಾದರೆ ಸಕಲೇಶಪುರದ ಆಸುಪಾಸಿನಲ್ಲಿ ತಂಗಿ ಮರುದಿನ ಮುಂಜಾನೆ ಇಳಿಯುವುದು ಎಲ್ಲಕ್ಕಿಂತ ಒಳ್ಳೆಯದು.

ಹೊಟ್ಟೆ ತುಂಬ ಊಟ ಹಿಂದಿನ ರಾತ್ರಿ ಎಂಟರೊಳಗೆ ಮುಗಿಯಲಿ. ಹೊರಡುವಾಗ ಏನೂ ಬೇಡ, ಒಂದೆರಡು ಬಿಸ್ಕತ್ತು ಸಾಕು. ಹಾಸನದ ಹತ್ತಿರ ನಿಲ್ಲಿಸಿದಾಗ ದಿನದ ಊಟದ ಕಾಲುಭಾಗ, ಉಳಿದದ್ದು ಊರು ತಲುಪಿ ಒಂದು ಗಂಟೆ ಕಳೆದ ಮೇಲೆ. ಮನೆಯಲ್ಲಿ ತಿನ್ನುವುದನ್ನೇ ಡಬ್ಬಿಗೆ ತುಂಬಿಕೊಳ್ಳಿ. ದಾರಿಯಲ್ಲಿ ಸಿಕ್ಕಿತೆಂದು ಬಿರಿಯಾನಿ, ಇಡ್ಲಿ ಸಾಂಬಾರ್ ಹಾಕಿದರೆ ಮರುದಿನ ಭೇದಿ ಶುರುವಾಗುತ್ತದೆ, ಸಾಂಬಾರಿನಲ್ಲಿರುವ ಈರುಳ್ಳಿಯಂತೂ ನಾಯಿಯ ರಕ್ತಕಣಗಳಿಗೇ ಕೆಡುಕು.

ನೀರಿನ ಲೆಕ್ಕ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 50ರಿಂದ 60 ಮಿ.ಲೀ. ನಿಮ್ಮ ಲ್ಯಾಬ್‌ಗೆ ಸುಮಾರು ಒಂದೂವರೆ ಲೀಟರ್ ಆಯಿತು. ಬೇಸಿಗೆಯಾದ್ದರಿಂದ ಮೂರು ಲೀಟರ್ ಮನೆಯ ನೀರೇ ಇರಲಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಒಂದು ಸಲಕ್ಕೆ 150–200 ಮಿ.ಲೀ. ಕೊಡಿ. ಬಾಯಾರಿ ಒಂದೇ ಉಸಿರಿಗೆ ಅರ್ಧ ಲೀಟರ್ ಕುಡಿದ ನಾಯಿ ಮುಂದಿನ ತಿರುವಿನಲ್ಲಿ ಅಷ್ಟನ್ನೂ ಕಕ್ಕುತ್ತದೆ.

ಕೂರಿಸುವ ಜಾಗ ಹಿಂದಿನ ಸೀಟು. ಮುಂದಿನ ಸೀಟು ಬೇಡ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದರ ಹೊಡೆತ ನಾಯಿಯ ಎದೆಗೂ ತಲೆಗೂ ಬೀಳುತ್ತದೆ. ಎದೆ ಸುತ್ತುವ ಹಾರ್ನೆಸ್ ತೊಡಿಸಿ, ಅದರ ಬೆನ್ನಿನ ಕೊಂಡಿಯಿಂದ ಗಿಡ್ಡ ಪಟ್ಟಿಯೊಂದನ್ನು ಸೀಟ್ ಬೆಲ್ಟಿನ ಬಕಲ್‌ಗೆ ಸಿಕ್ಕಿಸಿ. ಕೂರಲು, ಮಲಗಲು ಬಿಡುವಷ್ಟು ಉದ್ದವಿರಲಿ, ಮುಂದಿನ ಸೀಟಿಗೆ ದಾಟುವಷ್ಟು ಬೇಡ. ಕಾಲರ್‌ಗೆ ಮಾತ್ರ ಸಿಕ್ಕಿಸಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಇಡೀ 28 ಕೆ.ಜಿ. ಕುತ್ತಿಗೆಯ ಮೇಲೆ ಬೀಳುತ್ತದೆ. ಸೀಟಿನ ಕೆಳಗೆ ಕಾಲಿಡುವ ಹಳ್ಳಕ್ಕೆ ಚೀಲ, ಹಾಸಿಗೆ ತುಂಬಿ ಮಟ್ಟ ಮಾಡಿಕೊಳ್ಳಿ. ಘಾಟಿಯ ತಿರುವುಗಳಲ್ಲಿ ನಾಯಿ ಜಾರಿ ಆ ಸಂದಿಗೆ ಬೀಳುವುದೇ ಹೆಚ್ಚು. ಪವರ್ ಕಿಟಕಿಯ ಲಾಕ್ ಒತ್ತಿಡಿ, ಬಾಗಿಲ ಮೇಲೆ ಕಾಲೂರಿದಾಗ ಗುಂಡಿ ಒತ್ತಿಕೊಂಡು ಗಾಜು ಇಳಿಯುತ್ತದೆ, ಇಲ್ಲವೇ ಏರಿ ಕುತ್ತಿಗೆ ಸಿಕ್ಕಿಕೊಳ್ಳುತ್ತದೆ. ತಲೆ ಹೊರಗೆ ಹಾಕಿ ಗಾಳಿ ಕುಡಿಯುವುದು ನೋಡಲು ಚೆಂದ, ಆದರೆ ಧೂಳು, ಕಲ್ಲಿನ ಚೂರು ಕಣ್ಣಿಗೆ ಬಡಿದು ಗಾಯವಾಗುತ್ತದೆ.

ನಿಲ್ಲಿಸುವ ಜಾಗದ ಬಗ್ಗೆ ಇಷ್ಟು ಹೇಳಲೇಬೇಕು. ಹೆದ್ದಾರಿ ಬದಿಯ ಹೋಟೆಲುಗಳ ಮುಂದೆ ಅಲ್ಲಿಯವೇ ನಾಯಿಗಳಿರುತ್ತವೆ, ನಿಮ್ಮ ನಾಯಿ ಇಳಿದ ತಕ್ಷಣ ಮೂರ್ನಾಲ್ಕು ಸುತ್ತುವರಿಯುತ್ತವೆ. ಅಲ್ಲೇ ಬಿಸಾಡಿದ ಕೋಳಿ ಮೂಳೆಗಳೂ ಬಿದ್ದಿರುತ್ತವೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹೋಟೆಲಿಗೆ ಒಂದು ಕಿ.ಮೀ. ಮೊದಲೇ ರಸ್ತೆ ಅಗಲವಿರುವ ಖಾಲಿ ಜಾಗದಲ್ಲಿ ನಾಯಿಯ ಕೆಲಸ ಮುಗಿಸಿ, ಆಮೇಲೆ ನಿಮ್ಮ ಕಾಫಿ. ಬಾಗಿಲು ತೆಗೆಯುವ ಮೊದಲೇ ಚೈನು ಸಿಕ್ಕಿಸಿ ಅದರ ತುದಿ ಒಬ್ಬರ ಕೈಯಲ್ಲಿರಲಿ, ಎಡಬದಿಯ ಬಾಗಿಲಿನಿಂದಲೇ ಇಳಿಸಿ. ನಾಯಿ ಕಳೆದುಹೋಗುವುದು, ಲಾರಿಗೆ ಸಿಕ್ಕುವುದು ಬಹುಪಾಲು ಬಾಗಿಲು ತೆಗೆದ ಆ ಎರಡು ಸೆಕೆಂಡಿನಲ್ಲಿ. ಕಾಲರ್ ಮೇಲೆ ನಿಮ್ಮ ಮೊಬೈಲ್ ನಂಬರ್ ಕೆತ್ತಿದ ಬಿಲ್ಲೆ ಇರಲಿ.

ಪ್ರಶ್ನೆ: ನಮ್ಮ ಹತ್ತು ತಿಂಗಳ ನಾಟಿ ಹೆಣ್ಣುನಾಯಿ ಕಾರು ಹತ್ತಿದ ಅರ್ಧ ಗಂಟೆಗೇ ಜೊಲ್ಲು ಸುರಿಸಿ ವಾಂತಿ ಮಾಡುತ್ತದೆ. ಚಾರ್ಮಾಡಿ ಮೇಲೆ ಪುತ್ತೂರಿಗೆ ಹೋಗಬೇಕು. ನಮಗೆ ಕೊಡುವ ವಾಂತಿ ಮಾತ್ರೆಯನ್ನೇ ಅರ್ಧ ಕೊಡಿ, ನಿದ್ದೆ ಬರುತ್ತದೆ ಎಂದು ಪರಿಚಯದವರು ಹೇಳಿದರು.
— ಓದುಗರು, ಚಿಕ್ಕಮಗಳೂರು

ಉತ್ತರ: ಕೊಡಬೇಡಿ. ಅರ್ಧ ಮಾತ್ರೆ ಎಂಬುದು ತೂಕದ ಲೆಕ್ಕವಲ್ಲ. ನಿದ್ದೆ ಬರಿಸುವುದರಿಂದ ಹೆದರಿಕೆಯೂ ಹೋಗುವುದಿಲ್ಲ. ಕೆಲವು ಮಂಪರಿನ ಔಷಧಿಗಳಲ್ಲಿ ನಾಯಿ ಸುಮ್ಮನೆ ಬಿದ್ದಿದ್ದರೂ ಒಳಗೆ ಭಯ ಹಾಗೇ ಇರುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಮೈಯ ಶಾಖ ಹತೋಟಿಯಲ್ಲಿ ಇಟ್ಟುಕೊಳ್ಳುವ ಶಕ್ತಿಯೂ ಕುಂದುತ್ತದೆ. ಪಶುವೈದ್ಯರ ಬಳಿ ಮಾರೋಪಿಟಂಟ್ ಎಂಬ ಮಾತ್ರೆಯ ಬಗ್ಗೆ ಕೇಳಿ. ನಾಯಿಗೆಂದೇ ಇರುವ ವಾಂತಿ ಔಷಧಿ ಇದು, ಮಂಪರು ತರುವುದಿಲ್ಲ. ಹೊರಡುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು, ಸ್ವಲ್ಪ ತಿಂಡಿಯ ಜೊತೆ ಕೊಡಬೇಕು. ಪ್ರಯಾಣದ ವಾಂತಿಗೆ ಬೇಕಾದ ಪ್ರಮಾಣ ಹೊಟ್ಟೆ ಕೆಟ್ಟಾಗ ಕೊಡುವುದಕ್ಕಿಂತ ಹೆಚ್ಚು, ಹಾಗಾಗಿ ಹಳೆಯ ಚೀಟಿ ನೋಡಿ ಕೊಡದೆ ಹೊಸದಾಗಿ ತೂಕ ಹಾಕಿಸಿ ಬರೆಸಿಕೊಳ್ಳಿ.

ಮರಿಗಳಲ್ಲಿ ಕಿವಿಯೊಳಗಿನ ಸಮತೋಲನದ ಭಾಗ ಪೂರ್ತಿ ಬಲಿತಿರುವುದಿಲ್ಲ, ಬಹಳಷ್ಟಕ್ಕೆ ಒಂದು ವರ್ಷ ದಾಟುವಾಗ ಇದು ತಾನಾಗಿ ಕಡಿಮೆಯಾಗುತ್ತದೆ. ಆದರೆ ಕಾರು ಕಂಡೊಡನೆ ಜೊಲ್ಲು ಶುರುವಾದರೆ ಅದು ಭಯ. ಆಗ ಹೊರಡುವ ಮೂರು ವಾರ ಮೊದಲಿಂದ ಹೀಗೆ ಮಾಡಿ: ಮೊದಲ ಕೆಲವು ದಿನ ನಿಂತ ಕಾರಿನಲ್ಲಿ, ಎಂಜಿನ್ ಹಾಕದೆ, ಬಾಗಿಲು ತೆರೆದಿಟ್ಟು ಊಟ ಹಾಕಿ. ನಂತರ ಎಂಜಿನ್ ಶುರು ಮಾಡಿ ಐದು ನಿಮಿಷ. ಆಮೇಲೆ ಬೀದಿ ಸುತ್ತಿ ವಾಪಸ್, ಮುಂದೆ ಎರಡು ಕಿ.ಮೀ. ದೂರದ ಮೈದಾನ. ಜೊಲ್ಲು ಕಂಡ ದಿನ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ. ಇಂಜೆಕ್ಷನ್‌ಗೆ ಮಾತ್ರ ಕಾರು ಹತ್ತುವ ನಾಯಿಗೆ ಕಾರೆಂದರೆ ಆಸ್ಪತ್ರೆಯೇ ಆಗಿಬಿಟ್ಟಿರುತ್ತದೆ. ಚಾರ್ಮಾಡಿಯಲ್ಲಿ ನಿಧಾನವಾಗಿ, ಒಂದೇ ಗತಿಯಲ್ಲಿ ಇಳಿಯಿರಿ. ತಿರುವಿಗೊಮ್ಮೆ ಬ್ರೇಕ್, ಮತ್ತೆ ಎಕ್ಸಲರೇಟರ್ ಒತ್ತುವ ಚಾಲನೆಯೇ ಅರ್ಧ ವಾಂತಿಗೆ ಕಾರಣ.

ಪ್ರಶ್ನೆ: ‘ನಾಯಿ ತರಬಹುದು’ ಎಂದು ಹಾಕಿದ್ದ ಹೋಮ್‌ಸ್ಟೇಗೆ ಹೋದರೆ, ನಾಯಿಯನ್ನು ಹೊರಗಿನ ಗೂಡಿನಲ್ಲಿ ಕಟ್ಟಿ ಎಂದರು. ರೂಮಿಗೆ ಬಿಟ್ಟ ಮೇಲೂ ರಾತ್ರಿಯಿಡೀ ಬೊಗಳಿತು. ಮುಂದಿನ ಸಲ ಏನು ಕೇಳಿಕೊಳ್ಳಬೇಕು, ಏನು ಮಾಡಬೇಕು?
— ಓದುಗರು, ಮೈಸೂರು

ಉತ್ತರ: ದುಡ್ಡು ಕಟ್ಟುವ ಮೊದಲು ಫೋನಿನಲ್ಲೇ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಾಯಿ ರೂಮಿನ ಒಳಗೇ ಮಲಗಬಹುದೇ? ಅದಕ್ಕೆ ಬೇರೆ ಬಾಡಿಗೆಯೇ, ಮುಂಗಡ ಹಿಡಿದಿಟ್ಟುಕೊಳ್ಳುತ್ತಾರೆಯೇ? ಅವರ ಮನೆಯಲ್ಲೇ ನಾಯಿಗಳಿವೆಯೇ, ಇದ್ದರೆ ರಾತ್ರಿ ಬಿಟ್ಟಿರುತ್ತಾರೆಯೇ? ಕಾಂಪೌಂಡ್ ಇದೆಯೇ, ಅದರಲ್ಲಿ ಸಂದಿ ಇದೆಯೇ? ತೋಟಕ್ಕೆ ಈಚೆಗೆ ಔಷಧಿ ಹೊಡೆದಿದ್ದಾರೆಯೇ, ಇಲಿ ಪಾಷಾಣ ಎಲ್ಲಿಟ್ಟಿದ್ದಾರೆ? ಕೊನೆಯ ಎರಡು ಪ್ರಶ್ನೆಗಳನ್ನು ಕಾಫಿ ತೋಟದ ಮನೆಗಳಲ್ಲಿ ತಪ್ಪದೆ ಕೇಳಬೇಕು. ನಿಮ್ಮದು ಬೆದೆಗೆ ಬಂದಿರುವ ಹೆಣ್ಣಾದರೆ ಪ್ರವಾಸವನ್ನೇ ಮುಂದಕ್ಕೆ ಹಾಕಿ.

ತಲುಪಿದ ಕೂಡಲೇ ರೂಮಿಗೆ ನುಗ್ಗಿಸಬೇಡಿ. ಚೈನು ಹಾಕಿಕೊಂಡೇ ಅಂಗಳದಲ್ಲಿ ಇಪ್ಪತ್ತು ನಿಮಿಷ ಸುತ್ತಾಡಿಸಿ, ಬೇಕಾದಷ್ಟು ಮೂಸಲಿ, ಉಚ್ಚೆ ಹೊಯ್ಯಲಿ. ಆ ಹೊತ್ತಿಗೆ ಇನ್ನೊಬ್ಬರು ರೂಮು ನೋಡಿ. ಮಂಚದ ಕೆಳಗೆ, ಬೀರುವಿನ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ಇಲಿ ಪಾಷಾಣದ ಬಿಲ್ಲೆ, ಜಿರಳೆ ಸೀಮೆಸುಣ್ಣದ ಗೆರೆ, ಸೊಳ್ಳೆ ಬತ್ತಿಯ ತುಂಡು ಸಿಗುತ್ತವೆ. ಬಚ್ಚಲಿನಲ್ಲಿ ಫಿನಾಯಿಲ್ ಹಸಿಯಾಗಿದ್ದರೆ ನೀರು ಹಾಕಿ ತೊಳೆಯಿರಿ, ಪಾದಕ್ಕೆ ಹತ್ತಿದ್ದನ್ನು ನಾಯಿ ನೆಕ್ಕುತ್ತದೆ. ಆಮೇಲೆ ಮನೆಯಿಂದ ತಂದ ಅದರದೇ ಹಾಸಿಗೆಯನ್ನು ಗೋಡೆಯ ಬದಿಗೆ, ಬಾಗಿಲಿಗೆ ದೂರವಾಗಿ ಹಾಸಿ. ಹೊರಡುವ ಮುನ್ನ ಆ ಹಾಸಿಗೆಯನ್ನು ಒಗೆಯಬೇಡಿ. ಅದರಲ್ಲಿರುವ ಮನೆಯ ವಾಸನೆಯೇ ಹೊಸ ಜಾಗದಲ್ಲಿ ನಾಯಿಗೆ ಧೈರ್ಯ.

ಬೊಗಳುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಹೊರಗಿನ ಸಣ್ಣ ಸದ್ದುಗಳು ಒಂದು. ಅದಕ್ಕೆ ಫ್ಯಾನ್ ಜೋರಾಗಿಡಿ, ಕಿಟಕಿಯ ಪರದೆ ಎಳೆಯಿರಿ. ಇನ್ನೊಂದು, ಊಟಕ್ಕೆಂದು ನೀವೆಲ್ಲ ಎದ್ದು ಹೋಗಿ ಅದನ್ನು ಒಂಟಿಯಾಗಿ ಬಿಡುವುದು. ಗೊತ್ತಿಲ್ಲದ ರೂಮಿನಲ್ಲಿ ಮೊದಲ ರಾತ್ರಿ ಹತ್ತು ನಿಮಿಷವೂ ಒಂಟಿಯಾಗಿ ಬಿಡಬೇಡಿ, ಸರದಿಯ ಮೇಲೆ ಉಣ್ಣಿ. ಬಾಗಿಲು ಕೆರೆದು ಹಾಳಾಗುವುದೂ ಆಗಲೇ. ಮಂಚ, ಕಂಬಳಿ ಮೇಲೆ ಹತ್ತುವ ಅಭ್ಯಾಸವಿದ್ದರೆ ಮನೆಯಿಂದ ಎರಡು ಬೆಡ್‌ಶೀಟ್ ಒಯ್ದು ಹೊದಿಸಿ. ಉಚ್ಚೆ ಹೊಯ್ದುಬಿಟ್ಟರೆ ಒಣಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರಿನಲ್ಲಿ ಒರೆಸಿ, ಮನೆಯವರಿಗೆ ನೀವೇ ಹೇಳಿ. ಮುಚ್ಚಿಟ್ಟು ಹೋದವರಿಂದಾಗಿ ಮುಂದೆ ಬರುವ ನಾಯಿಗಳಿಗೆ ಬಾಗಿಲು ಮುಚ್ಚುತ್ತದೆ.

ಮಲೆನಾಡಿನಲ್ಲಿ ಕತ್ತಲಾದ ಮೇಲೆ ಅಂಗಳಕ್ಕೂ ಚೈನಿಲ್ಲದೆ ಬಿಡಬೇಡಿ. ತೋಟದಂಚಿನ ಮನೆಗಳಿಂದ ಚಿರತೆ ನಾಯಿ ಹೊತ್ತೊಯ್ಯುವುದು ಅಲ್ಲಿಯವರಿಗೆ ಹೊಸದಲ್ಲ. ಕೊನೆಯ ಸಲ ಉಚ್ಚೆಗೆ ಕರೆದೊಯ್ಯುವಾಗ ಲೈಟು ಹಾಕಿ, ಟಾರ್ಚಿನಿಂದ ನೆಲ ನೋಡಿಕೊಂಡು, ಗಿಡ್ಡ ಚೈನಿನಲ್ಲಿ ಹೋಗಿ ಬನ್ನಿ. ಹಾವಿನ ಭಯಕ್ಕೂ ಅದೇ ಮದ್ದು.

ಪ್ರಶ್ನೆ: ಜನವರಿಯಲ್ಲಿ ತೀರ್ಥಹಳ್ಳಿ ಕಡೆ ನಾಲ್ಕು ದಿನ ಇರುತ್ತೇವೆ. ಉಣುಗಿನ ಭಯ. ಏನು ಎಚ್ಚರಿಕೆ ಬೇಕು?
— ಓದುಗರು, ದಾವಣಗೆರೆ

ಉತ್ತರ: ಭಯಕ್ಕೆ ಕಾರಣವಿದೆ. ಉಣುಗಿನಿಂದ ಮನುಷ್ಯರಿಗೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ, ಅದು ಹೆಚ್ಚು ಕಾಣಿಸುವುದೂ ಡಿಸೆಂಬರ್‌ನಿಂದ ಮೇ ವರೆಗೆ. ನಾಯಿ ಕಾಡಂಚಿನಲ್ಲಿ ಅಲೆದು ಉಣುಗನ್ನು ನಿಮ್ಮ ಹಾಸಿಗೆಗೇ ತರುತ್ತದೆ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ, ತರಗೆಲೆಯ ಮೇಲೆ ಕೂರಬೇಡಿ.

ಉಣುಗಿನ ಔಷಧಿ ಹೊರಡುವ ದಿನ ಕೊಡುವಂಥದ್ದಲ್ಲ. ಮಾತ್ರೆಯಾಗಲಿ ಪಟ್ಟಿಯಾಗಲಿ ವೈದ್ಯರ ಸಲಹೆಯಂತೆ ಒಂದು ವಾರ ಮುಂಚೆ ಆಗಲಿ. ಬೆನ್ನಿಗೆ ಹಚ್ಚುವ ಹನಿಯಾದರೆ ಅದರ ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಮಾತ್ರೆ ಕೊಟ್ಟರೂ ಉಣುಗು ಕಚ್ಚಿದ ಮೇಲೆಯೇ ಸಾಯುವುದು, ಆದ್ದರಿಂದ ದಿನಾ ಸಂಜೆ ಕೈಯಾಡಿಸಿ ಹುಡುಕಿ: ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕಂಕುಳು, ಬಾಲದ ಬುಡ, ಕಾಲರಿನ ಕೆಳಗೆ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆದು ಸ್ಪಿರಿಟ್ ಬಾಟಲಿಗೆ ಹಾಕಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಿನಲ್ಲಿ ಹಿಸುಕಲೂ ಬೇಡ.

ಮನೆಗೆ ಬಂದ ಮೇಲೆ ಮೂರು ವಾರ ಗಮನವಿಡಿ. ನಾಯಿಗೆ ಬರುವ ಉಣುಗು ಜ್ವರ ಕಾಣಿಸಿಕೊಳ್ಳುವುದು ಆಗ. ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ, ಉಚ್ಚೆ ಕೆಂಪಾಗಿ ಕಾಫಿ ಬಣ್ಣಕ್ಕೆ ತಿರುಗುವುದು ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಮಲೆನಾಡಿಗೆ ಹೋಗಿದ್ದೆವು ಎಂದು ಹೇಳಿ. ಜ್ವರವೆಂದು ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಟ್ಟರೆ ಜೀವಕ್ಕೇ ಅಪಾಯ.

ಪ್ರಶ್ನೆ: ಪಗ್ ನಾಯಿ, ಆರು ವರ್ಷ, ದಪ್ಪ. ಮೇ ತಿಂಗಳಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಕಾರಿನಲ್ಲಿ ತರಬಹುದೇ?
— ಓದುಗರು, ಕಲಬುರಗಿ

ಉತ್ತರ: ಹಗಲಿನಲ್ಲಿ ಬೇಡ. ಮೂಗು ಚಪ್ಪಟೆಯಾದ ತಳಿಗಳಿಗೆ ಏದುಸಿರಿನಿಂದ ಶಾಖ ಹೊರಹಾಕುವುದೇ ಕಷ್ಟ, ದಪ್ಪವಾದರೆ ಇನ್ನೂ ಕಷ್ಟ. ಸಂಜೆ ಏಳಕ್ಕೆ ಹೊರಟು, ಇಬ್ಬರು ಡ್ರೈವರ್ ಇಟ್ಟುಕೊಂಡು ರಾತ್ರಿಯೇ ಮುಗಿಸಿ. ಎ.ಸಿ. ಗಾಳಿ ಹಿಂದಿನ ಸೀಟಿಗೆ ತಲುಪುತ್ತಿದೆಯೇ ಎಂದು ಅಲ್ಲೇ ಕೂತು ನೋಡಿ. ಸಾಮಾನಿನ ರಾಶಿ ಅಡ್ಡವಾಗಿ ಮುಂದೆ ತಂಪು, ಹಿಂದೆ ಬೇಗೆ ಆಗುವುದುಂಟು. ನಿಂತ ಕಾರಿನಲ್ಲಿ, ಗಾಜು ಸ್ವಲ್ಪ ಇಳಿಸಿದ್ದರೂ, ಹತ್ತು ನಿಮಿಷಕ್ಕೆ ಸುಮಾರು ಹತ್ತು ಡಿಗ್ರಿ ಏರುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ನಾಯಿ ಹೋಗಿರುತ್ತದೆ.

ನಾಯಿಯ ಸಹಜ ಶಾಖ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಒಂದು ಡಿಜಿಟಲ್ ಥರ್ಮಾಮೀಟರ್, ವ್ಯಾಸಲೀನ್ ಜೊತೆಗಿರಲಿ, ಗುದದ್ವಾರದಲ್ಲಿ ನೋಡಬೇಕು. ಕೊರಕೊರ ಉಸಿರು, ಕಡುಗೆಂಪು ನಾಲಿಗೆ, ಅಂಟಂಟು ಜೊಲ್ಲು, ತೂರಾಟ ಕಂಡು ಶಾಖ 40 ದಾಟಿದ್ದರೆ ಕೂಡಲೇ ಮೈಯೆಲ್ಲ ತಣ್ಣೀರು ಸುರಿದು, ಎ.ಸಿ. ಗಾಳಿಗೆ ಒಡ್ಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು, ಕಿಡ್ನಿ, ಕರುಳಿಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ‘ದನದ ಆಸ್ಪತ್ರೆ ಎಲ್ಲಿ’ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಆದರೆ ರಾತ್ರಿ ತೆರೆದಿರುತ್ತದೆಂದು ನಂಬಿ ಕೂರಬೇಡಿ, ದಾರಿಯ ದೊಡ್ಡ ಊರುಗಳ ಖಾಸಗಿ ವೈದ್ಯರ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಬಂಡೀಪುರದ ಮೇಲೆ ಊಟಿಗೆ ಹೋಗುತ್ತೇವೆ, ದಾರಿಯಲ್ಲಿ ಸಫಾರಿಯೂ ಇದೆ. ನಾಯಿ ಒಯ್ಯಬಹುದೇ?
— ಓದುಗರು, ಮಂಡ್ಯ

ಉತ್ತರ: ಸಫಾರಿಗೆ ನಾಯಿಯನ್ನು ಬಿಡುವುದಿಲ್ಲ, ಆ ಹೊತ್ತು ಕಾರಿನಲ್ಲಿ ಬಿಟ್ಟು ಹೋಗುವಂತೆಯೂ ಇಲ್ಲ. ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ಬರೀ ದಾಟಿಹೋಗುವುದಾದರೆ ಗುಂಡ್ಲುಪೇಟೆಯಲ್ಲೇ ಉಚ್ಚೆ, ನೀರು ಮುಗಿಸಿ, ಕಾಡು ಮುಗಿಯುವವರೆಗೆ ಗಾಜು ಏರಿಸಿಕೊಂಡೇ ಹೋಗಿ. ಆನೆ ಕಂಡು ನಾಯಿ ಬೊಗಳಿದರೆ ಅಪಾಯ ಕಾರಿನಲ್ಲಿರುವ ಎಲ್ಲರಿಗೂ. ಸಫಾರಿ, ದೇವಸ್ಥಾನ, ಬೊಟಾನಿಕಲ್ ಗಾರ್ಡನ್ ಎಂದು ದಿನವಿಡೀ ತಿರುಗುವ ಪ್ರವಾಸವಾದರೆ ನಾಯಿಯನ್ನು ಒಯ್ಯದಿರುವುದೇ ಅದಕ್ಕೆ ಮಾಡುವ ಉಪಕಾರ. ಪರಿಚಯದ ಮನೆಯಲ್ಲಿ ಬಿಡಿ. ಬೋರ್ಡಿಂಗ್‌ನಲ್ಲಿ ಬಿಡುವುದಾದರೆ ರೇಬೀಸ್ ಮತ್ತು ಉಳಿದ ವಾರ್ಷಿಕ ಲಸಿಕೆಗಳ ಪುಸ್ತಕ ನೋಡಿಕೊಂಡು, ಕೆನಲ್ ಕೆಮ್ಮಿನ ಲಸಿಕೆಯನ್ನೂ ಎರಡು ವಾರ ಮುಂಚೆ ಹಾಕಿಸಿ.