ಹಿತ್ತಲಿನ ಪುದಿನ ರಸ ಹಾಕಿ ಚಾಕೊಲೇಟ್ ಮಿಂಟ್ ಮಾಡಬಹುದಾ?

ಓವನ್ ಇಲ್ಲ, ಹಿತ್ತಲಲ್ಲಿ ಪುದಿನ ಬೇಕಾದಷ್ಟು ಉಂಟು, ಕರಗಿಸಿದ ಚಾಕೊಲೇಟಿಗೆ ಅದರ ರಸ ಎಷ್ಟು ಚಮಚ, ತೆಂಗಿನೆಣ್ಣೆ ಎಷ್ಟು ಚಮಚ ಅಂತ ಉಡುಪಿಯಿಂದ ಕೇಳಿದ್ದೀರಿ. ನಾನು ಯಾರನ್ನೂ ಕೇಳದೆ ನೇರ ಹಾಕಿಯೇಬಿಟ್ಟವನು. 400 ಗ್ರಾಂ ಡಾರ್ಕ್ ಕಾಂಪೌಂಡ್ (ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯ ಕೊಬ್ಬು ಹಾಕಿದ ಚಾಕೊಲೇಟ್) ಕರಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸೋಸಿದ ಪುದಿನ ರಸ ಎರಡು ಟೀ ಚಮಚ ಬಿತ್ತು. ಸೌಟು ನಾಲ್ಕು ಸುತ್ತು ತಿರುಗುವುದರೊಳಗೆ ಅಷ್ಟೂ ಗದ್ದೆಯ ಕೆಸರು. ಬಿಸಿ ಸಾಲಲಿಲ್ಲ ಅಂದುಕೊಂಡು ಮತ್ತೆ ಗ್ಯಾಸ್ ಹಚ್ಚಿದ್ದು ಎರಡನೇ ಪೆದ್ದುತನ: ಎಣ್ಣೆ ಒಂದು ಕಡೆ, ತರಿತರಿ ಮುದ್ದೆ ಒಂದು ಕಡೆ ಆಯಿತು.

ಹಾಗಾಗಿ ಎಷ್ಟು ಚಮಚ ಎಂಬುದಕ್ಕೆ ನನ್ನ ಉತ್ತರ ಸೊನ್ನೆ. ರಸಕ್ಕೂ ಸೊನ್ನೆ, ತೆಂಗಿನೆಣ್ಣೆಗೂ ಸೊನ್ನೆ.

ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದೊಂದು ತಿಳಿದರೆ ಉಳಿದದ್ದು ಮಕ್ಕಳೂ ಮಾಡಿಯಾರು. ಕರಗಿದ ಚಾಕೊಲೇಟ್ ಕಣ್ಣಿಗೆ ನೀರಿನ ಹಾಗೆ ಹರಿದರೂ ಅದರಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಅದು ಕೊಬ್ಬಿನಲ್ಲಿ ತೇಲುವ ಒಣ ಸಕ್ಕರೆ ಹುಡಿ ಮತ್ತು ಕೊಕ್ಕೊ ಹುಡಿ. ಅದಕ್ಕೆ ಎರಡು ಹನಿ ನೀರು ಬಿದ್ದರೆ ಸಕ್ಕರೆಯ ಕಣದ ಮೈ ಕರಗಿ ಪಾಕವಾಗಿ ಅಂಟಾಗುತ್ತದೆ, ಪಕ್ಕದ ಕಣವನ್ನು ಹಿಡಿದುಕೊಳ್ಳುತ್ತದೆ, ಅದು ಇನ್ನೊಂದನ್ನು. ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಉಂಡೆ ಕಟ್ಟುವುದಿಲ್ಲವೇ, ಅದೇ ಕಥೆ. ಬಿಸಿ ಮಾಡಿದರೆ ಉಂಡೆ ಬಿಡುವುದಿಲ್ಲ, ಕೊಬ್ಬು ಹೊರಗೆ ಬರುತ್ತದೆ ಅಷ್ಟೆ. ವಿಚಿತ್ರ ಎಂದರೆ, ಸ್ವಲ್ಪ ನೀರು ಕೆಡಿಸಿದ್ದನ್ನು ಜಾಸ್ತಿ ನೀರು ಉಳಿಸುತ್ತದೆ. 60 ಗ್ರಾಂ ಚಾಕೊಲೇಟಿಗೆ ಕಡಿಮೆ ಎಂದರೂ ಒಂದು ದೊಡ್ಡ ಚಮಚ ಬಿಸಿ ಹಾಲಿನ ಲೆಕ್ಕದಲ್ಲಿ ಹಾಕಿ ಕದಡಿದರೆ ಸಕ್ಕರೆ ಸರಿಯಾಗಿ ಕರಗಿ ಮತ್ತೆ ನುಣ್ಣಗಾಗುತ್ತದೆ. ಆದರೆ ಅದು ಇನ್ನು ಸಾಸ್. ಗಡ್‌ಬಡ್ ಐಸ್‌ಕ್ರೀಮ್ ಮೇಲೆ ಸುರಿಯಲು ಚಂದ, ಗಟ್ಟಿಯಾಗಿ ಕಟ್ ಅನ್ನುವ ಮಿಂಟ್ ಅದರಿಂದ ಆಗುವುದಿಲ್ಲ.

ರಸ ಹಾಕದಿದ್ದರೂ ನೀರು ಬರುವ ದಾರಿಗಳು ನಮ್ಮ ಊರಲ್ಲಿ ಬೇಕಷ್ಟು. ಡಬಲ್ ಬಾಯ್ಲರಿನ, ಅಂದರೆ ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸುವಾಗಿನ, ಆವಿ. ತೊಳೆದು ಕವುಚಿಟ್ಟ ಬಟ್ಟಲಿನ ಅಂಚು. ಸಿಲಿಕಾನ್ ಅಚ್ಚಿನ ಮೂಲೆಯಲ್ಲಿ ನಿಂತ ಹನಿ. ಮರದ ಸೌಟು, ಅದು ಒಳಗೇ ನೀರು ಕುಡಿದಿರುತ್ತದೆ. ಜೂನ್, ಜುಲೈಯಲ್ಲಂತೂ ಕಪಾಟಿನಲ್ಲಿಟ್ಟ ಪಾತ್ರೆಯ ಮೈಯೂ ತಂಪಾಗಿ ಒದ್ದೆ ಒದ್ದೆ. ಎಲ್ಲವನ್ನೂ ಒಣ ಬೈರಾಸಿನಲ್ಲಿ ಒರೆಸಿ ಹತ್ತು ನಿಮಿಷ ಫ್ಯಾನಿನ ಅಡಿಯಲ್ಲಿಡಿ. ಕೆಳಗಿನ ಪಾತ್ರೆಗಿಂತ ಮೇಲಿನ ಬಟ್ಟಲು ಅಗಲವಿರಲಿ, ಆಗ ಆವಿ ಒಳಗೆ ನುಗ್ಗುವುದಿಲ್ಲ. ನೀರು ಕುದಿ ಬಂದ ಮೇಲೆ ಗ್ಯಾಸ್ ಆರಿಸಿ ಬಟ್ಟಲು ಇಡಿ, ಬಟ್ಟಲಿನ ತಳಕ್ಕೆ ನೀರು ತಾಗಬಾರದು. ಮೈಕ್ರೋವೇವ್ ಇದ್ದರೆ ಅದೇ ವಾಸಿ: ಅರ್ಧ ಪವರ್, 30 ಸೆಕೆಂಡ್, ತೆಗೆದು ಕದಡಿ, ಮತ್ತೆ 30 ಸೆಕೆಂಡ್. ಮುಕ್ಕಾಲು ಕರಗಿದಾಗ ನಿಲ್ಲಿಸಿ, ಉಳಿದದ್ದು ಕದಡುವಾಗಲೇ ಕರಗುತ್ತದೆ. 45 ಡಿಗ್ರಿ ಸಾಕು. ಬಟ್ಟಲು ಕೈಗೆ ಸುಡುವಂತಾದರೆ ಜಾಸ್ತಿಯಾಯಿತು.

ಇನ್ನು ಹಿತ್ತಲಿನ ಪುದಿನ. ನೀರಿನ ವಿಷಯ ಬಿಟ್ಟರೂ ಅದು ಈ ಕೆಲಸಕ್ಕೆ ಹೇಳಿದ್ದಲ್ಲ. ನಮ್ಮ ಅಡುಗೆ ಪುದಿನದಲ್ಲಿ ಮುಖ್ಯವಾಗಿರುವುದು ಕಾರ್ವೋನ್ ಎಂಬ ಪರಿಮಳದ ಅಂಶ, ತಂಪು ಕೊಡುವ ಮೆಂತಾಲ್ ತೀರಾ ಕಡಿಮೆ. ಅಂಗಡಿಯ ಮಿಂಟ್ ಚಾಕೊಲೇಟಿನಲ್ಲಿ ಮೂಗಿನ ತನಕ ಹತ್ತುವ ತಣ್ಣಗೆ ಬರುವುದು ಪೆಪ್ಪರ್‌ಮಿಂಟಿನ ಮೆಂತಾಲಿನಿಂದ. ನಾಲಗೆಯ ನರದಲ್ಲಿ ತಂಪನ್ನು ಗುರುತಿಸುವ ಒಂದು ಗ್ರಾಹಕ ಉಂಟು, ಮೆಂತಾಲ್ ಅದನ್ನೇ ತಟ್ಟಿ ಎಬ್ಬಿಸುತ್ತದೆ. 2021ರ ವೈದ್ಯಕೀಯ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಆ ಗ್ರಾಹಕವನ್ನು ಕಂಡುಹಿಡಿದದ್ದೂ ಮೆಂತಾಲ್ ಬಳಸಿಯೇ. ಹಿತ್ತಲಿನ ಸೊಪ್ಪು ಹಾಕಿದರೆ ನಾಲಗೆಗೆ ಮೊದಲು ನೆನಪಾಗುವುದು ಚಟ್ನಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ತಿನ್ನಲು ಯೋಗ್ಯ ಎಂದು ಬರೆದಿರುವ ಪೆಪ್ಪರ್‌ಮಿಂಟ್ ಎಣ್ಣೆ ಅಥವಾ ಎಸೆನ್ಸ್ ಕೇಳಿ ತನ್ನಿ. ಶೀತಕ್ಕೆ ಆವಿ ಹಿಡಿಯುವ ಮೆಂತಾಲ್ ಹರಳು, ತಲೆನೋವಿಗೆ ಹಚ್ಚುವ ಎಣ್ಣೆ ಇದಕ್ಕೆ ಹಾಕುವುದು ಬೇಡ ಮಾರಾಯ್ರೆ.

ಎಸೆನ್ಸಿನಲ್ಲೂ ನೀರು ಇರುತ್ತದಲ್ಲ ಅಂತ ಕೇಳಬಹುದು. ಇರುತ್ತದೆ. ಅದಕ್ಕೇ ಮಿಂಟನ್ನು ಚಾಕೊಲೇಟಿಗೆ ಸೇರಿಸುವ ಯೋಚನೆಯನ್ನೇ ಬಿಡಿ, ಒಳಗಿನ ಹೂರಣಕ್ಕೆ ಹಾಕಿ. ಅಲ್ಲಿ ಹೇಗೂ ತೇವ ಉಂಟು, ಇನ್ನೊಂದು ಚಮಚ ಏನೂ ಮಾಡುವುದಿಲ್ಲ.

ನನ್ನ ಈಗಿನ ಅಳತೆ ಇದು. 250 ಗ್ರಾಂ ಐಸಿಂಗ್ ಶುಗರ್ ಜರಡಿ ಹಿಡಿದು, 90 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಒಂದು ಟೀ ಚಮಚ ಮೆತ್ತಗಿನ ಬೆಣ್ಣೆ, ಒಂದು ಚಿಟಿಕೆ ಉಪ್ಪು, ನಾಲ್ಕು ಹನಿ ಪೆಪ್ಪರ್‌ಮಿಂಟ್ ಎಣ್ಣೆ ಅಥವಾ ಒಂದು ಟೀ ಚಮಚ ಎಸೆನ್ಸ್. ಎಣ್ಣೆಯಾದರೆ ಬಾಟಲಿಯಿಂದ ನೇರ ಹನಿಸಬೇಡಿ, ಎಂಟು ಹನಿ ಬಿದ್ದರೆ ಟೂತ್‌ಪೇಸ್ಟ್ ತಿಂದ ಹಾಗೆ. ಮೊದಲು ಚಮಚಕ್ಕೆ ಎಣಿಸಿ ಹಾಕಿ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ, ಕೈಗೆ ಅಂಟದ ಹಾಗೆ ನಾದಬೇಕು. ಮಳೆಗಾಲದಲ್ಲಿ ಸಕ್ಕರೆ ಗಾಳಿಯಿಂದಲೇ ತೇವ ಎಳೆಯುವುದರಿಂದ 30, 40 ಗ್ರಾಂ ಹೆಚ್ಚು ಬೇಕಾಗುತ್ತದೆ. ಮನೆಯಲ್ಲಿ ಕಂಚಿನ ಸೇರು ಹಿಡಿದು ಅಳೆಯುವವರೂ ಇದೊಂದಕ್ಕೆ ತಕ್ಕಡಿ ಬಳಸಿ. 10 ಗ್ರಾಮಿನ ಉಂಡೆ ಮಾಡಿ ಅಂಗೈಯಲ್ಲಿ ಒತ್ತಿದರೆ 35ರ ಆಸುಪಾಸು ಬಿಲ್ಲೆ. ಕ್ರಿಸ್ಮಸ್ಸಿಗೆ ಗೋಡಂಬಿ ಮಾರ್ಜಿಪಾನ್ ಒತ್ತುವ ರಬ್ಬರ್ ಅಚ್ಚು ಇದ್ದರೆ ಅದರಲ್ಲೂ ಚಂದ ಬರುತ್ತದೆ, ಆದರೆ ಹೂವಿನ ಗೆರೆಯೆಲ್ಲ ಚಾಕೊಲೇಟ್ ಅಡಿಗೆ ಮುಚ್ಚಿಹೋಗುತ್ತದೆ.

ಬಿಲ್ಲೆಗಳನ್ನು ಬಟರ್ ಪೇಪರಿನ ಮೇಲೆ ಹರಡಿ ಒಂದು ಗಂಟೆ ಫ್ಯಾನ್ ಗಾಳಿಗೆ ಬಿಡಿ, ನಡುವೆ ಒಮ್ಮೆ ಮಗುಚಿ. ಮಳೆಗಾಲದಲ್ಲಿ ಇದು ಒಣಗುವುದಿಲ್ಲ, ಆಗ ಹತ್ತು ನಿಮಿಷ ಫ್ರಿಜ್. ಅದಕ್ಕಿಂತ ಹೆಚ್ಚು ಬೇಡ, ಫ್ರೀಜರ್ ಅಂತೂ ಬೇಡವೇ ಬೇಡ. ತೀರಾ ತಣ್ಣಗಿನ ಬಿಲ್ಲೆಗೆ ಬಿಸಿ ಚಾಕೊಲೇಟ್ ಹತ್ತಿದರೆ ಕೋಟಿಂಗ್ ದಪ್ಪವಾಗಿ ಕೂರುತ್ತದೆ, ಆಮೇಲೆ ಒಳಗಿನದು ಬಿಸಿಯಾಗಿ ಹಿಗ್ಗುವಾಗ ಸಿಪ್ಪೆ ಬಿರುಕು ಬಿಡುತ್ತದೆ.

250 ಗ್ರಾಂ ಡಾರ್ಕ್ ಕಾಂಪೌಂಡ್ ಕರಗಿಸಿ, ಫೋರ್ಕಿನ ಮೇಲೆ ಬಿಲ್ಲೆ ಇಟ್ಟು ಮುಳುಗಿಸಿ ಎತ್ತಿ, ಬಟ್ಟಲಿನ ಅಂಚಿಗೆ ನಾಲ್ಕು ಸಲ ತಟ್ಟಿ ಪೇಪರಿಗೆ ಜಾರಿಸಿ. ಎಲ್ಲಿಯೂ ಸೂಜಿ ಮೊನೆಯಷ್ಟು ಬಿಳಿ ಕಾಣಬಾರದು, ಎರಡು ದಿನದಲ್ಲಿ ಅಲ್ಲಿಂದಲೇ ಪಾಕ ಜಿನುಗುತ್ತದೆ. ಸ್ವಲ್ಪ ಉಳಿಯುತ್ತದೆ, ಉಳಿಯಲಿ, ಕಡಿಮೆ ಇದ್ದರೆ ಮುಳುಗಿಸಲು ಆಗುವುದಿಲ್ಲ.

ಕಾಂಪೌಂಡ್ ಅಂದರೆ ಡಾಲ್ಡಾ, ಅಸಲಿ ಚಾಕೊಲೇಟೇ ಬೇಕು ಅಂತ ಯಾರಾದರೂ ಹೇಳಿಯಾರು. ಅವರ ಮನೆ ಬೆಂಗಳೂರಿನಲ್ಲಿ ಇರಬಹುದು. ಕೊಕ್ಕೊ ಬೆಣ್ಣೆಯ ಚಾಕೊಲೇಟ್ ಹೊಳಪು ಬರಬೇಕಾದರೆ 45 ಡಿಗ್ರಿಗೆ ಕರಗಿಸಿ, 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಬೇಕು. ಏಪ್ರಿಲಿನ ಸೆಕೆಯಲ್ಲಿ ಅಡುಗೆಕೋಣೆಯೇ 33 ಇರುವಾಗ 27ಕ್ಕೆ ಎಲ್ಲಿಂದ ಇಳಿಸುವುದು? ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಉಂಟು, ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುವ ಊರು ನಮ್ಮದು, ಹೆಮ್ಮೆ ಸರಿಯೇ. ಆದರೆ ಏಸಿ ಇಲ್ಲದ ಮನೆಯಲ್ಲಿ ಈ ಏರಿಸಿ ಇಳಿಸುವ ಕೆಲಸ ಬೇಡದ ಕಾಂಪೌಂಡೇ ನ್ಯಾಯ. ಎರಡನ್ನೂ ಬೆರೆಸುವುದು ಮಾತ್ರ ಬೇಡ, ಎರಡು ಜಾತಿಯ ಕೊಬ್ಬು ಒಟ್ಟಿಗೆ ಕೂರದೆ ಮೆತ್ತಗಾಗಿ ಬಿಳಿ ಮಚ್ಚೆ ಏಳುತ್ತದೆ.

ತೆಂಗಿನೆಣ್ಣೆ ಯಾಕೆ ಬೇಡ ಎಂಬುದಕ್ಕೆ ನಿಮ್ಮ ಮನೆಯ ಬಾಟಲಿಯನ್ನೇ ನೋಡಿ. ಅದು ಗಟ್ಟಿಯಾಗುವುದು 24 ಡಿಗ್ರಿಗಿಂತ ಕೆಳಗೆ. ಉಡುಪಿಯಲ್ಲಿ ಅದು ಹೆಪ್ಪುಗಟ್ಟಿದ್ದನ್ನು ವರ್ಷಕ್ಕೆ ಎಷ್ಟು ದಿನ ಕಂಡಿದ್ದೀರಿ? ಹಾಗಿರುವಾಗ ಅದನ್ನು ಬೆರೆಸಿದ ಚಾಕೊಲೇಟ್ ಕೈಗೆ ಹತ್ತದೆ ಹೇಗಿದ್ದೀತು?

ಕೊನೆಗೆ ಫ್ರಿಜ್ಜಿನ ಬೆವರು. ಇದೂ ಅದೇ ನೀರು, ಬಾಗಿಲು ಬೇರೆ. ಕರಾವಳಿಯ ಗಾಳಿಯಲ್ಲಿ ತೇವ ಎಷ್ಟೆಂದರೆ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ಹನಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದು ತಟ್ಟೆಗೆ ಸುರಿದ ಮಿಂಟ್ ಐದೇ ನಿಮಿಷದಲ್ಲಿ ಒದ್ದೆ, ಒಣಗಿದ ಮೇಲೆ ಮೈಯೆಲ್ಲ ಬೂದು ಮತ್ತು ದೊರಗು. ಗಾಳಿಯಾಡದ ಡಬ್ಬಿಯಲ್ಲಿ ಪದರಕ್ಕೊಂದು ಬಟರ್ ಪೇಪರ್ ಇಟ್ಟು ತುಂಬಿ, ತೆಗೆದ ಮೇಲೆ ಮುಚ್ಚಳ ಬಿಚ್ಚದೆ ಮುಕ್ಕಾಲು ಗಂಟೆ ಹೊರಗಿಡಿ. ಬೆವರುವುದಾದರೆ ಡಬ್ಬಿ ಬೆವರಲಿ.

ಪುದಿನವನ್ನು ಬಳಸಲೇಬೇಕು ಅಂತ ಹಟವಿದ್ದರೆ ಟ್ರಫಲ್ ಮಾಡಿ, ಅದು ನೀರನ್ನು ತಾಳುವ ಜಾತಿ. 100 ಮಿಲಿ ಫ್ರೆಶ್ ಕ್ರೀಮ್ ಬಿಸಿ ಮಾಡಿ, ಒಂದು ಹಿಡಿ ಎಲೆ ಜಜ್ಜಿ ಹಾಕಿ 20 ನಿಮಿಷ ಮುಚ್ಚಿಡಿ. ಸೋಸಿ ಮತ್ತೆ ಬಿಸಿ ಮಾಡಿ 200 ಗ್ರಾಂ ಹೆರೆದ ಚಾಕೊಲೇಟಿಗೆ ಸುರಿದು ಕದಡಿ, ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು ಉಂಡೆ ಕಟ್ಟಿ ಕೊಕ್ಕೊ ಹುಡಿಯಲ್ಲಿ ಹೊರಳಿಸಿ. ಫ್ರಿಜ್ಜಿನಲ್ಲೇ ಇಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು, ಯಾರಿಗಾದರೂ ಕಟ್ಟಿ ಕಳಿಸುವ ತಿಂಡಿ ಅಲ್ಲ.

ಬಿಲ್ಲೆಗಳನ್ನು ಡಿಸೆಂಬರಿನಲ್ಲಿ ಕುಸ್ವಾರಿನ (ಕ್ರಿಸ್ಮಸ್ಸಿಗೆ ಹಂಚುವ ತಿಂಡಿಗಳ) ಜೊತೆ ಕೊಡುವ ಆಲೋಚನೆ ಇದ್ದರೆ ಅದಕ್ಕೆ ಬೇರೆಯೇ ಡಬ್ಬಿ ಮಾಡಿ. ಪೆಪ್ಪರ್‌ಮಿಂಟಿನ ವಾಸನೆ ಪೇಪರಿಗೆಲ್ಲ ಬಗ್ಗುವುದಿಲ್ಲ, ಒಂದೇ ರಾತ್ರಿಯಲ್ಲಿ ನೆವ್ರಿಯೂ ಕಿಡಿಯೋವೂ ಮಿಂಟ್ ಹೊಡೆಯುತ್ತವೆ.