ಯುಎಸ್‌ಡಿಟಿಯಲ್ಲಿ ಫೀಸು ಕಳಿಸಬಹುದಾ?

ಹಣಕಾಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ರಷ್ಯಾದ ಕಜಾನ್‌ನಲ್ಲಿ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದಾಳೆ. ಈ ಸಲ ಕಳಿಸಿದ ಫೀಸು ವಾಪಸ್ ಬಂತು. ಅಡ್ಮಿಶನ್ ಮಾಡಿಸಿದ ಏಜೆಂಟ್, "ಅಲ್ಲಿ ನಿರ್ಬಂಧ ಇದೆ, ಬ್ಯಾಂಕ್ ಬಿಡಿ. ಯುಎಸ್‌ಡಿಟಿ ಕೊಂಡು ನನಗೆ ಕಳಿಸಿ, ಹತ್ತು ನಿಮಿಷದಲ್ಲಿ ತಲುಪುತ್ತೆ. ಕ್ರಿಪ್ಟೋನ ಯಾವ ಸರ್ಕಾರವೂ ತಡೆಯೋಕಾಗಲ್ಲ" ಅಂತಾನೆ. ಮಾಡಬಹುದಾ?
ಒಬ್ಬ ತಂದೆ, ದಾವಣಗೆರೆ

ಉತ್ತರ: ದಯವಿಟ್ಟು ಮಾಡಬೇಡಿ. ಯುಎಸ್‌ಡಿಟಿ ಅಂದರೆ ಡಾಲರಿನ ಬೆಲೆಗೆ ಕಟ್ಟಿದ ಒಂದು ಕ್ರಿಪ್ಟೋ, ಬ್ಯಾಂಕಿಲ್ಲದೆ ಇಂಟರ್ನೆಟ್‌ನಲ್ಲೇ ಓಡಾಡುವ ಡಿಜಿಟಲ್ ಹಣ. ಯಾಕೆ ಬೇಡ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನನ್ನ ನೌಕರಿಯ ಬಹುಪಾಲು ಕಳೆದದ್ದು ಬ್ಯಾಂಕಿನ ಫಾರೆಕ್ಸ್ (ವಿದೇಶಿ ಹಣದ) ವಿಭಾಗದಲ್ಲಿ. ವಿದೇಶಕ್ಕೆ ಹೋಗುವುದು ನೋಟಲ್ಲ, ಒಂದು ಸಂದೇಶ. ಅದು ಸ್ವಿಫ್ಟ್ ಜಾಲದಲ್ಲಿ ಹೋಗುತ್ತದೆ. ಅದರ ಮುಖ್ಯ ಕಚೇರಿ ಬೆಲ್ಜಿಯಂನಲ್ಲಿದೆ, 200ಕ್ಕೂ ಹೆಚ್ಚು ದೇಶಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿವೆ. ನೀವು ಡಾಲರ್‌ನಲ್ಲಿ ಕಳಿಸಿದರೆ ಆ ಲೆಕ್ಕ ಸಾಮಾನ್ಯವಾಗಿ ನ್ಯೂಯಾರ್ಕ್‌ನ ಯಾವುದಾದರೂ ಬ್ಯಾಂಕಿನ ಮೂಲಕ ಚುಕ್ತಾ ಆಗಬೇಕು. ಅಲ್ಲಿನ ಕಂಪ್ಯೂಟರ್ ಆ ಸಂದೇಶವನ್ನು ಅಮೆರಿಕದ ಖಜಾನೆ ಇಲಾಖೆಯ ನಿರ್ಬಂಧ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಕಳಿಸುವವರ ಹೆಸರು, ಪಡೆಯುವವರ ಹೆಸರು, ಮಧ್ಯದ ಬ್ಯಾಂಕು, ಊರು, ಕಾರಣ ಬರೆದ ಸಾಲು ಎಲ್ಲವನ್ನೂ. ಹೆಸರು ಅರ್ಧ ಹೋಲಿದರೂ ಸಾಕು, ಸಂದೇಶ ಅಲ್ಲೇ ನಿಲ್ಲುತ್ತದೆ. ಆಮೇಲೆ ನಮಗೆ ಪ್ರಶ್ನೆ ಬರುತ್ತದೆ: ಇವರು ಯಾರು, ಹಣ ಯಾತಕ್ಕೆ, ದಾಖಲೆ ಕೊಡಿ. ಆ ಉತ್ತರ ಬರೆಯುವ ತಾಪತ್ರಯವೇ ಬೇಡ ಅಂತ ರಷ್ಯಾದ ಹೆಸರು ಕಂಡರೆ ಸಾಕು, ಹಣ ವಾಪಸ್ ಕಳಿಸಿ ಕೈತೊಳೆದುಕೊಳ್ಳುವ ಬ್ಯಾಂಕುಗಳೂ ಇವೆ.

ಉಕ್ರೇನ್ ಮೇಲೆ ಯುದ್ಧ ಹೂಡಿದ್ದಕ್ಕೆ 2022ರ ಮಾರ್ಚ್ 12ರಿಂದ ರಷ್ಯಾದ ಏಳು ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ ಹೊರಗಿಟ್ಟರು. ಆ ದೇಶದ ಅತಿ ದೊಡ್ಡ ಬ್ಯಾಂಕ್ ಸ್ಬೆರ್‌ಬ್ಯಾಂಕ್ ಕೂಡ ಜೂನ್‌ನಲ್ಲಿ ಆ ಸಾಲಿಗೆ ಸೇರಿತು. ವೀಸಾ, ಮಾಸ್ಟರ್‌ಕಾರ್ಡ್ ಕೂಡ ಮಾರ್ಚ್‌ನಲ್ಲೇ ಕೆಲಸ ನಿಲ್ಲಿಸಿದ್ದರಿಂದ ನೀವು ಇಲ್ಲಿಂದ ಕೊಟ್ಟು ಕಳಿಸಿದ ಕಾರ್ಡ್ ಅಲ್ಲಿನ ಎಟಿಎಂನಲ್ಲಿ ನಡೆಯುವುದಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರಷ್ಯಾದಲ್ಲಿ ಓದುವುದಕ್ಕಾಗಲೀ ಫೀಸು ಕಟ್ಟುವುದಕ್ಕಾಗಲೀ ನಿಷೇಧವಿಲ್ಲ. ನಿರ್ಬಂಧ ಇರುವುದು ಕೆಲವು ಬ್ಯಾಂಕು ಮತ್ತು ವ್ಯಕ್ತಿಗಳ ಮೇಲೆ. ನಿಮ್ಮ ಮಗಳ ಮೇಲಲ್ಲ.

ಈಗ ಏಜೆಂಟ್ ಹೇಳಿದ ದಾರಿ ನೋಡಿ. ಯುಎಸ್‌ಡಿಟಿ ಒಂದು ವ್ಯಾಲೆಟ್‌ನಿಂದ (ಕ್ರಿಪ್ಟೋ ಇಡುವ ಡಿಜಿಟಲ್ ಚೀಲ) ಇನ್ನೊಂದಕ್ಕೆ ಹತ್ತು ನಿಮಿಷದಲ್ಲಿ ಹೋಗುವುದು ನಿಜ. ಆದರೆ ನಿಮ್ಮ ಕೈಯಲ್ಲಿರುವುದು ರೂಪಾಯಿ, ಕಾಲೇಜಿಗೆ ಬೇಕಾದ್ದು ರೂಬಲ್. ದೋಣಿ ವೇಗವಾಗಿ ಹೋದರೇನು, ಹತ್ತುವ ದಡ ಇಳಿಯುವ ದಡ ಎರಡರಲ್ಲೂ ತಪಾಸಣೆ ಇದೆ. ಈ ದಡದಲ್ಲಿ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆ: ಓದಿಗೆ ವಿದೇಶಕ್ಕೆ ಹಣ ಕಳಿಸುವುದು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕು ಅಥವಾ ಸಂಸ್ಥೆಯ ಮೂಲಕವೇ ಆಗಬೇಕು. ಆ ದಡದಲ್ಲಿ ಯುಎಸ್‌ಡಿಟಿ ಕೊಳ್ಳುವ ಯಾರೋ ಅಪರಿಚಿತ ತನ್ನ ಕಾರ್ಡಿನಿಂದ ನಿಮ್ಮ ಮಗಳ ಕಾರ್ಡಿಗೆ ರೂಬಲ್ ಹಾಕುತ್ತಾನೆ. ಆ ಹಣ ಯಾರಿಗೋ ಫೋನಿನಲ್ಲಿ ಮೋಸ ಮಾಡಿ ಕಿತ್ತದ್ದಾಗಿದ್ದರೆ ಮೊದಲು ಬ್ಲಾಕ್ ಆಗುವುದು ಮಗಳ ಕಾರ್ಡು, ಠಾಣೆಗೆ ಕರೆಸಿಕೊಳ್ಳುವುದು ಮಗಳನ್ನು. ವೀಸಾ ಮೇಲಿರುವ ಹುಡುಗಿಗೆ ಅದು ಬೇಕಾ?

ಸುಮ್ನೆ ಹೆದರಿಸುತ್ತಿಲ್ಲ. ನಮ್ಮ ಬಡಾವಣೆಯ ಹುಡುಗನೊಬ್ಬ ಆ್ಯಪ್‌ನಲ್ಲಿ ಸಿಕ್ಕ ಯಾರಿಗೋ ಯುಎಸ್‌ಡಿಟಿ ಮಾರಿ ಯುಪಿಐಯಲ್ಲಿ ಹಣ ತಗೊಂಡ. ಆ ಹಣ ಉತ್ತರದ ಯಾವುದೋ ಊರಿನಲ್ಲಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ದೋಚಿದ್ದು. ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು. ಹಣ ಎಲ್ಲೆಲ್ಲಿ ಹರಿದಿತ್ತೋ ಆ ಖಾತೆಗಳೆಲ್ಲ ಫ್ರೀಜ್ ಆದವು. ಇವನ ಸಂಬಳದ ಖಾತೆಯೂ ಹೋಯಿತು. ಅವನಮ್ಮ ನನ್ನ ಹತ್ತಿರ ಪಾಸ್‌ಬುಕ್ ಹಿಡಿದುಕೊಂಡು ಬಂದಿದ್ದರು.

ನೀವು ಮಾಡಬೇಕಾದ್ದು ಇಷ್ಟು. ಏಜೆಂಟ್‌ನನ್ನು ಬಿಟ್ಟು ಮಗಳ ಕೈಯಿಂದಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಲ್ಲಿ ವಿಚಾರಿಸಿ: ನಿರ್ಬಂಧ ಇಲ್ಲದ ಬ್ಯಾಂಕಿನಲ್ಲಿ ವಿಶ್ವವಿದ್ಯಾಲಯದ ಖಾತೆ ಇದೆಯಾ? ಇದ್ದರೆ ಅದರ ವಿವರವಿರುವ ಇನ್‌ವಾಯ್ಸ್ ತರಿಸಿಕೊಳ್ಳಿ. ಅದನ್ನು, ಅಡ್ಮಿಶನ್ ಪತ್ರ, ಪಾಸ್‌ಪೋರ್ಟ್ ಪ್ರತಿ, ನಿಮ್ಮ ಪ್ಯಾನ್ ಹಿಡಿದು ಬ್ಯಾಂಕಿಗೆ ಹೋಗಿ. ಮನೆ ಹತ್ತಿರದ ಶಾಖೆಗಲ್ಲ, ಫಾರೆಕ್ಸ್ ವ್ಯವಹಾರ ಮಾಡುವ ಶಾಖೆಗೆ. ಡಾಲರ್ ಮುಟ್ಟದೆ ರೂಪಾಯಿ ಅಥವಾ ರೂಬಲ್‌ನಲ್ಲಿ ಕಳಿಸುವ ದಾರಿ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ. ಅವರಾಗಿ ಹೇಳುವುದಿಲ್ಲ. ಮಾಸ್ಕೋದಲ್ಲಿ ಸ್ಟೇಟ್ ಬ್ಯಾಂಕಿನ ಒಡೆತನದ ಕಮರ್ಷಿಯಲ್ ಇಂಡೋ ಬ್ಯಾಂಕ್ ಇದೆ, ಅದರ ಮೂಲಕ ಆಗುತ್ತದಾ ಅಂತಲೂ ಕೇಳಿ. (ನಮ್ಮ ಕೆನರಾ ಬ್ಯಾಂಕಿಗೂ ಅದರಲ್ಲಿ ಶೇ. 40 ಪಾಲಿತ್ತು, ಯುದ್ಧ ಶುರುವಾದ ಮೇಲೆ ಸ್ಟೇಟ್ ಬ್ಯಾಂಕಿಗೇ ಮಾರಿತು.) ಹೀಗೆ ಕಳಿಸಿದರೆ ತಡವಾಗಬಹುದು. ಆದರೆ ನಿಮ್ಮ ಕೈಯಲ್ಲಿ ರಸೀದಿ ಇರುತ್ತದೆ, ಕಾಲೇಜಿನ ಕೈಯಲ್ಲಿ ಹಣ ಇರುತ್ತದೆ. ಏಜೆಂಟ್‌ನ ವ್ಯಾಲೆಟ್‌ಗೆ ಹಾಕಿದ ಮೇಲೆ ಅವನು ಫೋನ್ ಎತ್ತದಿದ್ದರೆ ಯಾರನ್ನು ಕೇಳುತ್ತೀರಿ?

ಪ್ರಶ್ನೆ: ಕ್ರಿಪ್ಟೋ ಇರುವಾಗ ಅಮೆರಿಕದ ನಿರ್ಬಂಧಕ್ಕೆ ಇನ್ನೇನು ಬೆಲೆ? ರಷ್ಯಾ, ಇರಾನ್ ಎಲ್ಲ ಅದರಲ್ಲೇ ತಪ್ಪಿಸಿಕೊಂಡವಲ್ಲ?
ಬಿ.ಕಾಂ. ವಿದ್ಯಾರ್ಥಿ, ಧಾರವಾಡ

ಉತ್ತರ: ಪ್ರಯತ್ನ ನಡೆದಿದೆ, ಈಗಲೂ ನಡೆಯುತ್ತಿದೆ. ತಪ್ಪಿಸಿಕೊಂಡವು ಅನ್ನುವುದು ದೊಡ್ಡ ಮಾತು.

ಇರಾನ್‌ನದು ಎಲ್ಲಕ್ಕಿಂತ ಕುತೂಹಲದ ಕತೆ. ಎಣ್ಣೆ ಮಾರಿದ ಹಣ ಬ್ಯಾಂಕಿಗೆ ಬರುವ ದಾರಿ ಮುಚ್ಚಿದಾಗ ಅದು 2019ರಲ್ಲಿ ಬಿಟ್‌ಕಾಯಿನ್ ಮೈನಿಂಗ್‌ಗೆ (ಕಂಪ್ಯೂಟರ್‌ಗಳನ್ನು ಓಡಿಸಿ ಹೊಸ ಬಿಟ್‌ಕಾಯಿನ್ ಗಳಿಸುವುದಕ್ಕೆ) ಅಧಿಕೃತ ಮಾನ್ಯತೆ ಕೊಟ್ಟಿತು. ದೇಶದಲ್ಲಿ ಎಣ್ಣೆ, ಗ್ಯಾಸ್ ಅಗ್ಗ. ಅದರಿಂದ ಕರೆಂಟು, ಕರೆಂಟಿನಿಂದ ಬಿಟ್‌ಕಾಯಿನ್, ಬಿಟ್‌ಕಾಯಿನ್ ಕೊಟ್ಟು ಆಮದು. ಅಂದರೆ ಹಡಗಿಲ್ಲದೆ ಎಣ್ಣೆ ರಫ್ತು ಮಾಡಿದ ಹಾಗಾಯಿತು. ಆದರೆ 2021ರ ಬೇಸಿಗೆಯಲ್ಲಿ ಊರೂರಿಗೆ ಕರೆಂಟು ಹೋಗತೊಡಗಿತು, ಸರ್ಕಾರವೇ ನಾಲ್ಕು ತಿಂಗಳು ಮೈನಿಂಗ್ ನಿಲ್ಲಿಸಬೇಕಾಯಿತು. 2022ರ ಆಗಸ್ಟ್‌ನಲ್ಲಿ ಕ್ರಿಪ್ಟೋ ಕೊಟ್ಟು ಮಾಡಿದ ಮೊದಲ ಅಧಿಕೃತ ಆಮದು ಅಂತ ಘೋಷಿಸಿದ್ದು 1 ಕೋಟಿ ಡಾಲರಿನದು. ಒಂದು ದೇಶದ ವ್ಯಾಪಾರಕ್ಕೆ ಅದು ಯಾವ ಲೆಕ್ಕ?

ರಷ್ಯಾದ ಅಳತೆಯೇ ಬೇರೆ. ಅದರ ಕೇಂದ್ರ ಬ್ಯಾಂಕಿನ ಸುಮಾರು 30,000 ಕೋಟಿ ಡಾಲರ್ ಮೀಸಲು ಹಣವನ್ನು 2022ರಲ್ಲಿ ಪಾಶ್ಚಾತ್ಯ ದೇಶಗಳು ತಡೆಹಿಡಿದವು. ಅಷ್ಟನ್ನು ಕ್ರಿಪ್ಟೋದಲ್ಲಿ ಸದ್ದಿಲ್ಲದೆ ಸಾಗಿಸುವುದು ಆಗದ ಮಾತು, ಮಾರುಕಟ್ಟೆಯೇ ಅಲ್ಲಾಡಿಬಿಡುತ್ತದೆ. ಆದರೂ 2024ರಲ್ಲಿ ವಿದೇಶಿ ವ್ಯಾಪಾರಕ್ಕೆ ಕ್ರಿಪ್ಟೋ ಬಳಸಲು ಕಾನೂನು ಮಾಡಿಕೊಂಡರು. ಬಿಡಿ ವ್ಯಾಪಾರಿಗಳು ಬಳಸಿದ್ದೂ ನಿಜ. ಮಾಸ್ಕೋದಿಂದ ನಡೆಯುತ್ತಿದ್ದ ಗ್ಯಾರಂಟೆಕ್ಸ್ ಎಂಬ ಎಕ್ಸ್‌ಚೇಂಜ್ (ಕ್ರಿಪ್ಟೋ ಕೊಳ್ಳುವ, ಮಾರುವ ತಾಣ) 2022ರ ಏಪ್ರಿಲ್‌ನಲ್ಲೇ ಅಮೆರಿಕದ ಪಟ್ಟಿ ಸೇರಿದರೂ ಮೂರು ವರ್ಷ ಜೋರಾಗಿ ನಡೆಯಿತು. 2025ರ ಮಾರ್ಚ್‌ನಲ್ಲಿ ಏನಾಯಿತು ನೋಡಿ. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿ ಅದರ ವ್ಯಾಲೆಟ್‌ಗಳಲ್ಲಿದ್ದ ಸುಮಾರು 2.8 ಕೋಟಿ ಡಾಲರ್ ಬೆಲೆಯ ಯುಎಸ್‌ಡಿಟಿಯನ್ನು ಕೂತಲ್ಲಿಂದಲೇ ತಡೆಹಿಡಿಯಿತು. ಅದರ ನಿರ್ವಾಹಕರಲ್ಲೊಬ್ಬ, ಲಿಥುವೇನಿಯಾದ ಪ್ರಜೆ, ಕೇರಳದ ವರ್ಕಲಾದಲ್ಲಿ ಪೊಲೀಸರ ಕೈಗೆ ಸಿಕ್ಕ. "ಯಾವ ಸರ್ಕಾರವೂ ತಡೆಯೋಕಾಗಲ್ಲ" ಅನ್ನುವವರು ಈ ಸಂಗತಿಯನ್ನು ಓದಿಕೊಳ್ಳಬೇಕು. ಬಿಟ್‌ಕಾಯಿನ್‌ಗೆ ಯಜಮಾನ ಇಲ್ಲ, ಸರಿ. ಯುಎಸ್‌ಡಿಟಿಗೆ ಇದ್ದಾನೆ. ನಿರ್ಬಂಧ ಇರುವ ದೇಶಗಳಲ್ಲಿ ಜಾಸ್ತಿ ಓಡಾಡುವುದೂ ಇದೇ, ಯಾಕೆಂದರೆ ಅದರ ಬೆಲೆ ಡಾಲರಿಗೆ ಕಟ್ಟಿದೆ. ಡಾಲರಿನಿಂದ ಓಡಿಹೋಗಲು ಡಾಲರನ್ನೇ ಹಿಡಿದಂತಾಯಿತು. ಇದು ಅರ್ಥವಾಗಿಯೇ ರಷ್ಯಾದ ಕಡೆಯವರು 2025ರಲ್ಲಿ ಕಿರ್ಗಿಸ್ತಾನದಿಂದ ರೂಬಲ್‌ಗೆ ಕಟ್ಟಿದ ಎ7ಎ5 ಎಂಬ ಟೋಕನ್ ತಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅದರ ಹಿಂದಿನ ಕಂಪನಿಗಳ ಮೇಲೂ ನಿರ್ಬಂಧ ಬಿತ್ತು.

ನಿರ್ಬಂಧವನ್ನು ನಿಜವಾಗಿ ಕ್ರಿಪ್ಟೋದಿಂದ ಗೆದ್ದ ದೇಶ ಅಂದರೆ ಉತ್ತರ ಕೊರಿಯಾ, ಅದೂ ವ್ಯಾಪಾರದಿಂದಲ್ಲ, ಕಳ್ಳತನದಿಂದ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಹೋಯಿತು. ಅದಕ್ಕೂ ಮೊದಲು, 2024ರ ಜುಲೈನಲ್ಲಿ, ನಮ್ಮದೇ ದೇಶದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್. ಎರಡಕ್ಕೂ ಉತ್ತರ ಕೊರಿಯಾವೇ ಕಾರಣ ಅಂತ ಅಮೆರಿಕ ಹೇಳಿದೆ. ವಜೀರ್‌ಎಕ್ಸ್‌ನಲ್ಲಿ ಉಳಿತಾಯ ಇಟ್ಟಿದ್ದ ನಮ್ಮ ಹುಡುಗರಿಗೆ ಪ್ಯೋಂಗ್‌ಯಾಂಗ್ ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ.

ನನಗೆ ಸಂಕಟವಾಗುವುದು ಸಾಮಾನ್ಯ ಜನರ ವಿಷಯಕ್ಕೆ. ರಿಯಾಲ್ ಬೆಲೆ ಕುಸಿಯುತ್ತಿದ್ದಾಗ ಟೆಹರಾನಿನ ಸಂಬಳದಾರ ಉಳಿತಾಯವನ್ನು ಕ್ರಿಪ್ಟೋ ಮಾಡಿ ಇಟ್ಟುಕೊಂಡರೆ ನಾನು ಅವನನ್ನು ತಪ್ಪು ಅನ್ನಲಾರೆ. ಬೇರೆ ಯಾವ ಬಾಗಿಲು ಅವನಿಗೆ ತೆರೆದಿತ್ತು? ವಿದೇಶಿ ಎಕ್ಸ್‌ಚೇಂಜ್‌ಗಳು ಇರಾನಿಯರನ್ನು ಹೊರಗೆ ಹಾಕಿದವು. ನಿರ್ಬಂಧ ಮೀರಿ ಇಂಥ ಗ್ರಾಹಕರಿಗೆ ಸೇವೆ ಕೊಟ್ಟದ್ದೂ ಸೇರಿ ಬೈನಾನ್ಸ್ ಎಂಬ ದೊಡ್ಡ ಎಕ್ಸ್‌ಚೇಂಜ್ 2023ರಲ್ಲಿ ಅಮೆರಿಕಕ್ಕೆ 430 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಆಮೇಲೆ ಯಾರು ತಾನೇ ಇರಾನಿಯರನ್ನು ಒಳಗೆ ಬಿಡುತ್ತಾರೆ? ಅಲ್ಲಿನವರಿಗೆ ಉಳಿದದ್ದು ದೇಶದೊಳಗಿನ ನೊಬಿಟೆಕ್ಸ್‌ನಂಥವು. 2025ರ ಜೂನ್‌ನಲ್ಲಿ, ಇಸ್ರೇಲ್ ಜೊತೆಗಿನ ಯುದ್ಧದ ನಡುವೆ, ಹ್ಯಾಕರ್‌ಗಳು ಅದರಿಂದ ಸುಮಾರು 9 ಕೋಟಿ ಡಾಲರ್ ತೆಗೆದು ಯಾರೂ ಬಳಸಲಾಗದ ವಿಳಾಸಗಳಿಗೆ ಕಳಿಸಿ ನಾಶ ಮಾಡಿದರು. ಸರ್ಕಾರಕ್ಕೆ ಪೆಟ್ಟು ಕೊಡಲು ಹಾಗೆ ಮಾಡಿದೆವು ಅಂದರು. ಆದರೆ ಅಂಥ ಎಕ್ಸ್‌ಚೇಂಜ್‌ನಲ್ಲಿ ಹಣ ಇಡುವುದು ಮಂತ್ರಿಗಳಷ್ಟೇ ಅಲ್ಲವಲ್ಲ.

ಪ್ರಶ್ನೆ: ರಷ್ಯಾದ ಗಿರಾಕಿ ಕಾಫಿಗೆ ಕ್ರಿಪ್ಟೋದಲ್ಲಿ ಹಣ ಕೊಡುತ್ತೇನೆ ಅಂತಾನೆ. ತಗೋಬಹುದಾ?
ಕಾಫಿ ವ್ಯಾಪಾರಿ, ಚಿಕ್ಕಮಗಳೂರು

ಉತ್ತರ: ಬೇಡ. ರಫ್ತಿನ ಹಣ ಬ್ಯಾಂಕಿನ ಮೂಲಕ ಬಂದರೆ ಮಾತ್ರ ನಿಮಗೆ ಬ್ಯಾಂಕಿನ ರಿಯಲೈಸೇಶನ್ ಸರ್ಟಿಫಿಕೇಟ್ (ಹಣ ಬಂತು ಅನ್ನುವುದಕ್ಕೆ ಪುರಾವೆ) ಸಿಗುತ್ತದೆ. ಅದಿಲ್ಲದಿದ್ದರೆ ಆ ಶಿಪ್ಪಿಂಗ್ ಬಿಲ್ ಬಾಕಿ ಅಂತಲೇ ಉಳಿಯುತ್ತದೆ, ಮುಂದಿನ ಲೋಡಿಗೂ ತೊಂದರೆ. ರಿಸರ್ವ್ ಬ್ಯಾಂಕ್ 2022ರ ಜುಲೈನಲ್ಲೇ ವಿದೇಶಿ ವ್ಯಾಪಾರವನ್ನು ರೂಪಾಯಿಯಲ್ಲಿ ಮಾಡಲು ವಿಶೇಷ ವೋಸ್ಟ್ರೋ ಖಾತೆಗಳಿಗೆ (ವಿದೇಶಿ ಬ್ಯಾಂಕು ಇಲ್ಲಿನ ಬ್ಯಾಂಕಿನಲ್ಲಿ ತೆರೆಯುವ ರೂಪಾಯಿ ಖಾತೆ) ಅನುಮತಿ ಕೊಟ್ಟಿದೆ, ರಷ್ಯಾದ ಬ್ಯಾಂಕುಗಳೂ ತೆರೆದಿವೆ. ಗಿರಾಕಿಯ ಬ್ಯಾಂಕಿಗೆ ಇಲ್ಲಿ ಯಾವ ಬ್ಯಾಂಕಿನಲ್ಲಿ ಅಂಥ ಖಾತೆ ಇದೆ ಅಂತ ಲಿಖಿತವಾಗಿ ತರಿಸಿಕೊಳ್ಳಿ. ಅದು ಕೈಗೆ ಬರುವ ತನಕ ಲಾರಿ ಮಂಗಳೂರಿಗೆ ಹೊರಡುವುದು ಬೇಡ.