ಹಿಮದ ಹಳ್ಳಿಯಲ್ಲಿ ಸುಳಿವು ಎಲ್ಲಿಡುವುದು?

ಹಿಮ ಮುಚ್ಚಿದ ಹಳ್ಳಿಯ ಪತ್ತೇದಾರಿ ಕಥೆಗೆ ಹೆಜ್ಜೆ ಗುರುತು ಬಿಟ್ಟು ಬೇರೆ ಯಾವ ಸುಳಿವು ಇಡಬಹುದು ಎಂದು ಕೇಳಿದ್ದೀರಿ. ನನಗೆ ತುಂಬ ಇಷ್ಟವಾದದ್ದು ನಿಂತ ಕಾರಿನ ಕೆಳಗಿನ ನೆಲ. ರಾತ್ರಿ ಹಿಮ ಬೀಳುವ ಮೊದಲೇ ಕಾರು ಬಂದಿದ್ದರೆ ಅದರಡಿ ನೆಲ ಬರಿದಾಗಿರುತ್ತದೆ. "ನಾನು ಬೆಳಿಗ್ಗೆ ಬಂದೆ" ಎಂದವರ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಚಾವಣಿಯನ್ನೂ ಬಳಸಿ. ಖಾಲಿ ಎಂದು ಎಲ್ಲರೂ ನಂಬಿದ ಮನೆಯ ಮೇಲೆ ಮಾತ್ರ ಹಿಮ ಬೇಗ ಕರಗಿದ್ದರೆ, ಒಳಗೆ ಯಾರೋ ಚಳಿ ಕಾಯಿಸಲು ಬೆಂಕಿ ಹಾಕಿದ್ದಾರೆ ಅಂತ ಅಲ್ವಾ? ಇದನ್ನು ಅಂಚೆಯವರೋ ಪಕ್ಕದ ಮನೆಯ ಅಜ್ಜಿಯೋ ಗಮನಿಸಲಿ. ಇಂಥ ಕಥೆಗೆ ಪೊಲೀಸರಿಗಿಂತ ಊರವರ ಕಣ್ಣೇ ಜೀವ.

ಹೆಜ್ಜೆ ಗುರುತನ್ನು ಸುಮ್ನೆ ಬಿಟ್ಟುಬಿಡಬೇಡಿ. ತುಳಿದ ಹಿಮ ಗಟ್ಟಿಯಾಗುತ್ತದೆ. ಆಮೇಲೆ ಜೋರು ಗಾಳಿ ಸುತ್ತಲಿನ ಸಡಿಲ ಹಿಮವನ್ನು ಹಾರಿಸಿಕೊಂಡು ಹೋದರೆ, ಹೆಜ್ಜೆಗಳು ಗುಳಿಯಾಗಿ ಅಲ್ಲ, ಉಬ್ಬಿ ನಿಲ್ಲುತ್ತವೆ! ಗಾಳಿ ಎಲ್ಲ ಅಳಿಸಿತು ಅಂದುಕೊಂಡ ಕಳ್ಳನಿಗೆ ಇದಕ್ಕಿಂತ ಪೆಟ್ಟು ಬೇಕೇ?

ಇನ್ನೊಂದು ಮಾತು. ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಸಾಕ್ಷಿಗಳು ಕೇಳಿದ್ದಕ್ಕಿಂತ ಕಂಡದ್ದನ್ನೇ ಜಾಸ್ತಿ ಹೇಳಲಿ. ಹಿಮ ಬೀಳುವುದು ಎಷ್ಟು ಗಂಟೆಗೆ ನಿಂತಿತು ಎಂಬುದನ್ನು ಮೊದಲ ಅಧ್ಯಾಯದಲ್ಲೇ ತಿಳಿಸಿಬಿಡಿ.